ಕುಳಿಯ ಹತ್ತಿರ ತೋಳ್ಬಲ ನಡೆಯದು

2021ರ ಆಗಸ್ಟ್ 7. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್ ಸ್ಪರ್ಧೆಯ ಕೊನೆಯ ದಿನ. ಗಾಲ್ಫ್ ಎಂದರೆ ಸಿರಿವಂತರ ಕಾಲಹರಣವೆಂದು ಅದುವರೆಗೆ ತಿರುಗಿಯೂ ನೋಡದಿದ್ದ ಅನೇಕರು ಅಂದು ಬೆಳಿಗ್ಗೆ ಟಿ.ವಿ. ಮುಂದೆ ಕುಳಿತಿದ್ದರು. ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 267, ಬೆಳ್ಳಿ ಮತ್ತು ಕಂಚು ಪಡೆದವರದು 268. ಒಂದೇ ಒಂದು ಹೊಡೆತದಿಂದ ಪದಕ ಕೈ ತಪ್ಪಿತು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೊದಲ ಹೊಡೆತದಲ್ಲಿ ಅದಿತಿಯವರ ಚೆಂಡು ಕೋರ್ಡಾ ಅವರ ಚೆಂಡಿಗಿಂತ ಹತ್ತಾರು ಗಜ ಹಿಂದೆಯೇ ಬೀಳುತ್ತಿತ್ತು. ಹಾಗಿದ್ದರೂ ಅವರು ಪದಕದ ಬಾಗಿಲವರೆಗೆ ಬಂದದ್ದು ಹೇಗೆ? ಉತ್ತರ ಕುಳಿಯ ಆಸುಪಾಸಿನಲ್ಲಿದೆ. ಗಾಲ್ಫ್‌ನ ಲೆಕ್ಕದಲ್ಲಿ ಇನ್ನೂರು ಗಜ ಹಾರಿದ ಚೆಂಡಿಗೂ ಒಂದು ಹೊಡೆತ, ಎರಡು ಗಜ ಉರುಳಿದ ಚೆಂಡಿಗೂ ಒಂದೇ ಹೊಡೆತ. ಬಲವಿಲ್ಲದವರಿಗೆ ಈ ಆಟದಲ್ಲಿ ಜಾಗ ಕೊಟ್ಟಿರುವುದು ಈ ಒಂದು ನಿಯಮವೇ.

ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸಿಗೆ ‘ಗ್ರೀನ್’ ಎಂದು ಹೆಸರು. ಚೆಂಡು ಗ್ರೀನ್‌ನ ಅಂಚಿನಿಂದ ಕೆಲವೇ ಹೆಜ್ಜೆ ಆಚೆ ನಿಂತಾಗ ಅದನ್ನು ತುಸು ಎತ್ತಿ, ಗ್ರೀನ್ ಮೇಲೆ ಬೀಳಿಸಿ, ಕುಳಿಯತ್ತ ಉರುಳಲು ಬಿಡುವ ಚಿಕ್ಕ ಹೊಡೆತವೇ ‘ಚಿಪ್’. ಕೊಕ್ಕಡ, ಮೂಡುಬಿದಿರೆ ಕಡೆಯ ಗದ್ದೆಗಳಲ್ಲಿ ಕುಟ್ಟಿದೊಣ್ಣೆ ಆಡಿ ಬೆಳೆದವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಕುಟ್ಟಿಯ ತುದಿಗೆ ಮೊದಲು ಕೊಡುವ ಪೆಟ್ಟು ಹದವಾಗಿರಬೇಕೇ ಹೊರತು ಜೋರಾಗಿರಬೇಕಿಲ್ಲ.

ಹೆಸರಿನ ಕೋಲುಗಳು

ಗಾಲ್ಫ್ ಭಾರತಕ್ಕೆ ಬಂದದ್ದು ಬ್ರಿಟಿಷರೊಂದಿಗೆ. ಕಲ್ಕತ್ತೆಯಲ್ಲಿ 1829ರಲ್ಲೇ ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಮುಂದೆ ಕೋಲಾರದ ಚಿನ್ನದ ಗಣಿಗಳ ಸಾಹೇಬರು, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳವರು ಈ ಆಟವನ್ನು ತಮ್ಮ ತಮ್ಮ ಊರುಗಳಿಗೆ ಒಯ್ದರು.

ಆ ಕಾಲದ ಕೋಲುಗಳ ಹಿಡಿ ಹಿಕರಿ ಎಂಬ ಮರದ್ದು. ಅವುಗಳಿಗೆ ನಂಬರ್ ಇರಲಿಲ್ಲ, ಹೆಸರುಗಳಿದ್ದವು: ಮ್ಯಾಶಿ, ನಿಬ್ಲಿಕ್, ಜಿಗ್ಗರ್. ಗ್ರೀನ್ ಅಂಚಿನಿಂದ ಚೆಂಡನ್ನು ತಗ್ಗಾಗಿ ಓಡಿಸಲು ಜಿಗ್ಗರ್ ಬೇಕು, ಎತ್ತರಕ್ಕೆ ಎಬ್ಬಿಸಲು ನಿಬ್ಲಿಕ್ ಬೇಕು. ಉಕ್ಕಿನ ಹಿಡಿ ಬಂದ ಮೇಲೆ, 1930ರ ದಶಕದ ಹೊತ್ತಿಗೆ, ಹೆಸರುಗಳು ಮರೆಯಾಗಿ ನಂಬರ್‌ಗಳು ಬಳಕೆಗೆ ಬಂದವು. ನಂಬರ್ ಹೆಚ್ಚಿದಷ್ಟೂ ಕೋಲಿನ ಮುಖ ಹಿಂದಕ್ಕೆ ಹೆಚ್ಚು ಓರೆಯಾಗಿರುತ್ತದೆ. ಓರೆ ಹೆಚ್ಚಿದಷ್ಟೂ ಚೆಂಡು ಮೇಲಕ್ಕೇಳುತ್ತದೆ, ಬಿದ್ದ ಮೇಲೆ ಕಡಿಮೆ ಉರುಳುತ್ತದೆ.

ಮರಳಿನ ಹೊಂಡಕ್ಕೆ ಬಿದ್ದ ಚೆಂಡು ಮಾತ್ರ ಎಲ್ಲರಿಗೂ ತಲೆನೋವಾಗಿತ್ತು. ತೆಳುವಾದ ಅಂಚಿನ ಕೋಲು ಮರಳಿನಲ್ಲಿ ಹೂತುಹೋಗುತ್ತಿತ್ತು. ಇದಕ್ಕೆ ಉಪಾಯ ಹುಡುಕಿದವರು ಅಮೆರಿಕದ ಜೀನ್ ಸಾರಜೆನ್. ವಿಮಾನ ಮೇಲೇರುವಾಗ ಬಾಲದ ಪಟ್ಟಿ ಬಾಗುವುದನ್ನು ಕಂಡು ತಮಗೆ ಈ ವಿಚಾರ ಹೊಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಅವರು ಕೋಲಿನ ತಳಕ್ಕೆ ಲೋಹ ಬೆಸೆದು ದಪ್ಪ ಮಾಡಿದರು. ಕೋಲು ಮರಳಿನಲ್ಲಿ ಹೂಳದೆ ಜಾರತೊಡಗಿತು. 1932ರ ಬ್ರಿಟಿಷ್ ಓಪನ್ ಅನ್ನು ಅವರು ಗೆದ್ದದ್ದು ಈ ‘ಸ್ಯಾಂಡ್ ವೆಜ್’ ಜೊತೆಗೇ.

ಹೊಸ ಹೊಸ ಕೋಲುಗಳು ಬಂದಂತೆ ಆಟಗಾರರ ಚೀಲ ಭಾರವಾಯಿತು. ಇಪ್ಪತ್ತಕ್ಕೂ ಹೆಚ್ಚು ಕೋಲು ಹೊತ್ತು ತಿರುಗುವವರಿದ್ದರು. ಕೊನೆಗೆ ಅಮೆರಿಕದ ಸಂಸ್ಥೆ 1938ರಲ್ಲಿ, ಬ್ರಿಟನ್ನಿನ ಸಂಸ್ಥೆ 1939ರಲ್ಲಿ 14 ಕೋಲುಗಳ ಮಿತಿ ಹೇರಿದವು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬ ಚಿಂತೆ ಅಂದಿನಿಂದ ಇಂದಿನವರೆಗೂ ಇದೆ.

ಎರಡು ಪಂಥಗಳು

ಚಿಪ್ ಹೊಡೆಯುವ ವಿಷಯದಲ್ಲಿ ಎರಡು ಪಂಥಗಳಿವೆ. ಹೊಡೆತ ಒಂದೇ ಇರಲಿ, ಕೋಲು ಬದಲಾಗಲಿ ಎನ್ನುವುದು ಮೊದಲನೆಯದು. ಅದರ ದೊಡ್ಡ ಹೆಸರು ಅಮೆರಿಕದ ಪಾಲ್ ರನ್ಯನ್. ಕುಳ್ಳಗಿನ ದೇಹದ ಈ ಆಟಗಾರ ಚೆಂಡನ್ನು ಹೆಚ್ಚು ದೂರ ಹೊಡೆಯುತ್ತಿರಲಿಲ್ಲ. ಆದರೆ 1938ರ ಪಿಜಿಎ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರೀ ಹೊಡೆತಗಳ ಸ್ಯಾಮ್ ಸ್ನೀಡ್ ಅವರನ್ನು, ಇನ್ನೂ ಏಳು ಕುಳಿಗಳು ಬಾಕಿ ಇರುವಾಗಲೇ ಎಂಟು ಕುಳಿಗಳ ಮುನ್ನಡೆಯಿಂದ ಸೋಲಿಸಿದರು.

ಎರಡನೆಯ ಪಂಥ ಇದಕ್ಕೆ ತದ್ವಿರುದ್ಧ: ಕೋಲು ಒಂದೇ, ಹೊಡೆತ ನೂರು. ಸ್ಪೇನಿನ ಪೆಡ್ರೆನಾ ಎಂಬ ಕಡಲತೀರದ ಹಳ್ಳಿಯಲ್ಲಿ ಬೆಳೆದ ಸೆವೆ ಬ್ಯಾಲೆಸ್ಟರೋಸ್ ಅವರ ಬಳಿ ಬಾಲ್ಯದಲ್ಲಿ ಇದ್ದದ್ದು 3ನೇ ನಂಬರಿನ ಕಬ್ಬಿಣದ ಕೋಲೊಂದೇ. ಓರೆ ಕಡಿಮೆ ಇರುವ ಆ ಕೋಲಿನಿಂದಲೇ ಮರಳ ದಂಡೆಯ ಮೇಲೆ ಚೆಂಡನ್ನು ಎತ್ತಲೂ ಓಡಿಸಲೂ ಕಲಿತರು. ಕೊರತೆಯೇ ಅವರಿಗೆ ಗುರುವಾಯಿತು. ಮುಂದೆ ಅವರು ಐದು ಪ್ರಮುಖ ಪ್ರಶಸ್ತಿಗಳನ್ನು ಗೆದ್ದರು.

ಬ್ಯಾಲೆಸ್ಟರೋಸ್ ಅವರ ದಾರಿಗೆ ದಿನಗಟ್ಟಲೆ ಅಭ್ಯಾಸ ಬೇಕು. ವಾರಕ್ಕೊಮ್ಮೆ ಆಡುವವರಿಗೆ ರನ್ಯನ್ ಅವರ ದಾರಿಯೇ ಸುಲಭ. ಇದಕ್ಕೊಂದು ರೂಢಿಯ ಲೆಕ್ಕವಿದೆ. ಪಿಚಿಂಗ್ ವೆಜ್‌ನಲ್ಲಿ ಚೆಂಡು ಒಂದು ಪಾಲು ಗಾಳಿಯಲ್ಲಿ ಹೋದರೆ ಎರಡು ಪಾಲು ನೆಲದ ಮೇಲೆ ಉರುಳುತ್ತದೆ. 9ನೇ ನಂಬರಿನಲ್ಲಿ ಮೂರು ಪಾಲು, 8ರಲ್ಲಿ ನಾಲ್ಕು, 7ರಲ್ಲಿ ಐದು. ಚೆಂಡು ಅಂಚಿನಿಂದ ಎರಡು ಹೆಜ್ಜೆ ಹೊರಗಿದೆ, ಕುಳಿ ಅಂಚಿನಿಂದ ಹತ್ತು ಹೆಜ್ಜೆ ಒಳಗಿದೆ ಎನ್ನೋಣ. ಗ್ರೀನ್ ಒಳಗೆ ಒಂದು ಹೆಜ್ಜೆಯಷ್ಟರಲ್ಲಿ ಚೆಂಡನ್ನು ಬೀಳಿಸಬೇಕಾದರೆ ಹಾರಾಟ ಮೂರು ಹೆಜ್ಜೆ, ಉರುಳಾಟ ಒಂಬತ್ತು ಹೆಜ್ಜೆ. ಅಂದರೆ 9ನೇ ನಂಬರಿನ ಕೋಲು. ಕುಳಿ ಏರಿನ ಮೇಲಿದ್ದರೆ 8, ಇಳಿಜಾರಿನಲ್ಲಿದ್ದರೆ ವೆಜ್.

ಹೊಡೆಯುವ ಕ್ರಮವೂ ಸರಳ. ದೇಹದ ಭಾರ ಕುಳಿಯ ಕಡೆಗಿರುವ ಕಾಲಿನ ಮೇಲೆ. ಚೆಂಡು ಎರಡು ಪಾದಗಳ ನಡುವಿಗಿಂತ ತುಸು ಹಿಂದೆ. ಕೈಗಳು ಚೆಂಡಿಗಿಂತ ಮುಂದೆ. ಮಣಿಕಟ್ಟು ಅಲುಗಬಾರದು, ಕೋಲು ನೆಲಕ್ಕಿಂತ ಮೊದಲು ಚೆಂಡನ್ನು ಮುಟ್ಟಬೇಕು. ಚೆಂಡನ್ನು ಕೈಯಿಂದ ಎತ್ತಲು ಹೋಗುವವರೇ ಕೆಡುವುದು. ಎತ್ತುವ ಕೆಲಸ ಕೋಲಿನ ಓರೆಯದು.

ನೆಲ ಹೇಳುವ ಪಾಠ

ಆದರೆ ಯಾವ ಲೆಕ್ಕವೂ ನೆಲವನ್ನು ಕೇಳದೆ ನಡೆಯುವುದಿಲ್ಲ. ನೀರಿನ ಅಭಾವವಿದ್ದ ಭಾರತದ ಹಲವು ಕ್ಲಬ್‌ಗಳಲ್ಲಿ ಹಿಂದೆ ಗ್ರೀನ್ ಬದಲು ‘ಬ್ರೌನ್’ ಇರುತ್ತಿತ್ತು. ಹುಲ್ಲಿನ ಜಾಗದಲ್ಲಿ ಎಣ್ಣೆ ಬೆರೆಸಿ ಹದಮಾಡಿದ ಮರಳು. ಹುಲ್ಲಿನ ಮೇಲೆ ಕಲಿತ ಕೈಗೆ ಅಲ್ಲಿ ಪಾಠ ಹೊಸದಾಗಿ ಆರಂಭವಾಗಬೇಕು.

ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ ಗಾಲ್ಫ್ ಮೈದಾನವಿದೆ. ಕರಾವಳಿಯ ಮಳೆಗಾಲ ಕಂಡವರಿಗೆ ಗೊತ್ತು: ಆಷಾಢದಲ್ಲಿ ನೆನೆದ ಹುಲ್ಲು ಚೆಂಡನ್ನು ಹಿಡಿದು ನಿಲ್ಲಿಸುತ್ತದೆ, ಮಾರ್ಚ್‌ನಲ್ಲಿ ಒಣಗಿದ ಮುರಮಣ್ಣು ಅದನ್ನೇ ಪುಟಿಸಿ ಓಡಿಸುತ್ತದೆ. ಒಂದೇ ಜಾಗ, ಒಂದೇ ದೂರ. ಕೋಲು ಮಾತ್ರ ಬೇರೆ.

ತಂತ್ರಜ್ಞಾನ ಎಷ್ಟು ಮುಂದುವರಿದರೂ ಈ ಕೊನೆಯ ಕೆಲವು ಹೆಜ್ಜೆಗಳಲ್ಲಿ ಆಟಗಾರ ಮಾಡಬೇಕಾದ ತೀರ್ಮಾನ ಹಳೆಯದೇ: ಚೆಂಡು ಎಷ್ಟು ಹಾರಬೇಕು, ಎಷ್ಟು ಉರುಳಬೇಕು. ಸಾಧ್ಯವಾದಷ್ಟು ಕಡಿಮೆ ಹಾರಿಸಿ, ಸಾಧ್ಯವಾದಷ್ಟು ಹೆಚ್ಚು ಉರುಳಿಸು ಎಂಬುದು ಅನುಭವಿಗಳ ಬುದ್ಧಿವಾದ. ಅದಕ್ಕೆ ಬೇಕಾದದ್ದು ನೋಡುವ ಕಣ್ಣು, ಹದ ಬಲ್ಲ ಕೈ. ಹಣವಿದ್ದವರು ಎಷ್ಟು ಕೋಲುಗಳನ್ನಾದರೂ ಕೊಳ್ಳಬಹುದು, ಆ ಹದವನ್ನು ಮಾತ್ರ ಯಾವ ಅಂಗಡಿಯಲ್ಲೂ ಕೊಳ್ಳಲಾಗದು.