ಗೆರೆಗಳನ್ನು ಓದುವ ಬಗೆ

ಹಲಗೇರಿಯ ನಮ್ಮ ಮನೆಯ ಅಟ್ಟದಿಂದ 1990ರ ದಶಕದ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಇಳಿಸಿ ಮೊಮ್ಮಗ ಹೊಸ ಟಿ.ವಿ.ಗೆ ಜೋಡಿಸಿದ. ಚಿತ್ರ ಮಸುಕಾಗಿ ನಡುಗಿತು. ‘ಅಜ್ಜಾ, ಇದು ಕೆಟ್ಟೈತಿ’ ಎಂದ. ಕೆಟ್ಟಿರಲಿಲ್ಲ.

1982ರಲ್ಲಿ ಬಣ್ಣ ತಳೆದ ನಮ್ಮ ದೂರದರ್ಶನದ್ದು 625 ಗೆರೆಗಳ ಪಾಲ್ ಪದ್ಧತಿಯಾಗಿತ್ತು. ಬೆಸಗೆರೆಗಳು ಒಮ್ಮೆ, ಸರಿಗೆರೆಗಳು ಇನ್ನೊಮ್ಮೆ; ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳು. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಲಿ ಕಂಪ್ಯೂಟರಿನ ನಕಲಾದ ಈ ಪೆಟ್ಟಿಗೆಯಾದರೋ ಪ್ರತಿಸಲವೂ ಅದೇ 240 ಗೆರೆಗಳ ಪೂರ್ಣಚಿತ್ರವನ್ನು ಬರೆಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಅದನ್ನು ಬಂದಂತೆಯೇ ತೋರಿಸುತ್ತಿತ್ತು, ಹೊಸ ಟಿ.ವಿ.ಗಳು ಎಷ್ಟೋ ವೇಳೆ ಅದನ್ನು ಅರ್ಧಚಿತ್ರವೆಂದು ಬಗೆದು ಬೆಸೆಯುತ್ತವೆ. ಆಂಟೆನಾ ತಂತಿಯ ಬದಲು ಹಳದಿ ತಂತಿ ಹಾಕಿದರೆ ಚಿತ್ರ ಕೊಂಚ ತಿಳಿಯಾದೀತು. ಗೆರೆಗಳನ್ನು ಇಮ್ಮಡಿಸುವ ಸಾಧನವಿದ್ದರೆ ಇನ್ನೂ ಲೇಸು.

ಹೊಸಗನ್ನಡದ ವ್ಯಾಕರಣ ಹಿಡಿದು ಹಳಗನ್ನಡ ಓದಿ ಕವಿ ತಪ್ಪಿದನೆನ್ನಬಾರದೆಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನು. ಹಳೆಯ ಟಿ.ವಿ.ಯನ್ನು ಗುಜರಿಗೆ ಹಾಕಿದವನೂ ನಾನೇ.