ಹಿತ್ತಲ ಓಣಿಯ ಚಕ್ಕುಬಂದಿ

ಚಿಕ್ಕಪ್ಪ ನಿವೃತ್ತರಾದ ಮೇಲೆ, ಊರಿನ ಜಮೀನು ಮಾರಿದ ದುಡ್ಡಿನಲ್ಲಿ ಬೆಂಗಳೂರಿನಲ್ಲೊಂದು ಹಳೆಯ ಮನೆ ಕೊಳ್ಳಬೇಕೆಂದು ಹೊರಟರು. ನಗರ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಜೊತೆಗೆ ಕರೆದುಕೊಂಡರು. ನಾಲ್ಕೈದು ಭಾನುವಾರ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಸುತ್ತಿದೆವು.

ಮಲ್ಲೇಶ್ವರದ ಒಂದು ಮನೆ ಇಬ್ಬರಿಗೂ ಹಿಡಿಸಿತು. ಕೆಂಪು ನೆಲ, ಮುಂದೆ ಜಗಲಿ, ಹಿತ್ತಲಲ್ಲಿ ಒಂದು ಸಂಪಿಗೆ ಮರ. ಬ್ರೋಕರ್ ಮಾತ್ರ ಇದ್ಯಾವುದನ್ನೂ ತೋರಿಸಲಿಲ್ಲ. ನೇರ ಹಿತ್ತಲಿಗೆ ಕರೆದೊಯ್ದು, ತುಕ್ಕು ಹಿಡಿದ ಒಂದು ಸಣ್ಣ ಬಾಗಿಲು ತೆಗೆದು, 'ನೋಡಿ ಸಾರ್, ಹಿಂದೇನೂ ರಸ್ತೆ ಇದೆ. ಎರಡೂ ಕಡೆ ಎಂಟ್ರಿ. ಅದಕ್ಕೇ ಈ ರೇಟು' ಎಂದರು. ಹೊರಗೆ ಎಂಟು ಹತ್ತು ಅಡಿ ಅಗಲದ ಓಣಿ. ನಾನೂ ಇಣುಕಿ, ಇಲ್ಲಿ ಕಾರು ತಿರುಗುತ್ತದೆಯೇ ಎಂದು ಕೇಳಿದೆ. ಆ ಓಣಿ ಏನೆಂದು ಓದಿ ತಿಳಿದಿದ್ದೂ ಮೊದಲು ಬಾಯಿಗೆ ಬಂದದ್ದು ಆ ಪ್ರಶ್ನೆ.

ಓಣಿ ಅಲ್ಲಿಗೆ ಹೇಗೆ ಬಂತೆಂದು ತಿಳಿಯಲು ಪೇಟೆಯಿಂದಲೇ ಶುರು ಮಾಡಬೇಕು. ಕೆಂಪೇಗೌಡ 1537ರಲ್ಲಿ ಕಟ್ಟಿದ್ದೆನ್ನುವ ಬೆಂಗಳೂರು ಪೇಟೆಯಲ್ಲಿ ಕಸುಬೇ ವಿಳಾಸವಾಗಿತ್ತು: ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ, ಪಕ್ಕದವರ ಗೋಡೆಗೆ ನಮ್ಮ ಗೋಡೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಇಕ್ಕಟ್ಟೇ ಅಧಿಕಾರಿಗಳ ಚಿಂತೆಯಾಯಿತು. ಪೇಟೆಯ ಹೊರಗೆ ಚಾಮರಾಜಪೇಟೆ ರೂಪುಗೊಂಡಿತು. ಬಸವನ ಗುಡಿಯ ಸುತ್ತ ಒಂದು, ಕಾಡು ಮಲ್ಲೇಶ್ವರನ ಗುಡಿಯ ಸುತ್ತ ಇನ್ನೊಂದು ಬಡಾವಣೆಯ ಯೋಚನೆಯೂ ನಡೆದಿತ್ತು. ಆ ಯೋಚನೆಗೆ ಅವಸರ ತಂದದ್ದು ಪ್ಲೇಗು. 1898ರ ಆಗಸ್ಟ್‌ನಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಿತು. ಜನ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲುಗಳಿಗೆ ಹೋದರು. ನಗರದ ಹಲವೆಡೆ ಇಂದಿಗೂ ಇರುವ ಪ್ಲೇಗಿನಮ್ಮನ ಗುಡಿಗಳು ಆ ಭಯದ ಗುರುತುಗಳು.

ಹೊಸ ಬಡಾವಣೆಗಳು ಆ ಭಯಕ್ಕೆ ಕೊಟ್ಟ ಉತ್ತರ. ಅಳತೆ ಹಿಡಿದು ಎಳೆದ ನೇರ ರಸ್ತೆ, ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ, ಹೆಸರಘಟ್ಟದ ಕೆರೆಯಿಂದ ಕೊಳಾಯಿಯಲ್ಲಿ ಬಂದ ನೀರು. ಆದರೆ ಪೇಟೆಯ ಒಂದು ಪದ್ಧತಿ ನಕ್ಷೆಯೊಳಗೆ ಹಾಗೇ ಉಳಿಯಿತು. ನಿವೇಶನಗಳನ್ನು ಸಮುದಾಯವಾರು ವಿಂಗಡಿಸಲಾಯಿತು. ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಪೇಟೆಯಲ್ಲಿ ರೂಢಿ ತೀರ್ಮಾನಿಸುತ್ತಿತ್ತು, ಬಡಾವಣೆಯಲ್ಲಿ ನಕ್ಷೆ ತೀರ್ಮಾನಿಸಿತು.

ಅದೇ ನಕ್ಷೆಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಮನೆಗಳ ನಡುವೆ, ಕನ್ಸರ್ವೆನ್ಸಿ ಲೇನ್ ಎಂಬ ಓಣಿಯೂ ಇತ್ತು. ಒಳಚರಂಡಿ ಇನ್ನೂ ಬರದ ಕಾಲ ಅದು. ಹಿತ್ತಲ ತುದಿಯಲ್ಲಿ ಕಕ್ಕಸು, ಅದಕ್ಕೆ ಓಣಿಯ ಕಡೆಗೆ ಒಂದು ಸಣ್ಣ ಬಾಗಿಲು. ಬೆಳಗಿನ ಜಾವ ಕಾರ್ಮಿಕರು ಆ ಬಾಗಿಲಿನಿಂದ ಮಲ ಬಳಿದು ಹೊತ್ತೊಯ್ಯಬೇಕು. ಮುಂದಿನ ರಸ್ತೆಯಲ್ಲಿ ಅವರು ಕಾಣಬಾರದು, ಮನೆಯೊಳಗೆ ಕಾಲಿಡಬಾರದು. ಆರೋಗ್ಯದ ಹೆಸರಿನಲ್ಲಿ ಮಾಡಿದ ಆ ಏರ್ಪಾಡಿನಲ್ಲಿ ಅಸ್ಪೃಶ್ಯತೆಗೂ ಅಡಿ ಅಂಗುಲಗಳ ಲೆಕ್ಕದಲ್ಲಿ ಜಾಗ ಸಿಕ್ಕಿತು.

ನಾವು ಬಸವನಗುಡಿ ಎಂದರೆ ಡಿವಿಜಿಯವರನ್ನು, ಗವೀಪುರ ಎಂದರೆ ಮಾಸ್ತಿಯವರನ್ನು ನೆನೆಯುತ್ತೇವೆ. ಹಳೇ ಬೆಂಗಳೂರಿನ ಹಂಬಲದ ಬರಹಗಳಲ್ಲಿ ಜಗಲಿ, ಫಿಲ್ಟರ್ ಕಾಫಿ, ಪಾರಿಜಾತ ಇರುತ್ತವೆ. ಹಿತ್ತಲ ಬಾಗಿಲಿನ ನೆನಪು ಅವುಗಳಲ್ಲಿ ಬಹಳ ಕಡಿಮೆ.

ಮನೆಯೊಡತಿಗೆ ಎಂಬತ್ತು ದಾಟಿತ್ತು. ಕಾಫಿ ಕೊಟ್ಟು ಬಾಲ್ಯ ನೆನೆದರು. ಹಾಲಿನವನ ಹೆಸರು, ಹೂವಿನವಳ ಹೆಸರು, ಹಸುವಿನ ಹೆಸರು ಕೂಡ ಅವರ ನಾಲಿಗೆಯ ಮೇಲಿತ್ತು. ಓಣಿಯಲ್ಲಿ ಬರುತ್ತಿದ್ದವರ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಬರ್ತಿದ್ದರಮ್ಮ. ಬಾಗಿಲ ಸದ್ದು ಕೇಳ್ತಿತ್ತು. ಮುಖ ನೋಡಿದ ನೆನಪಿಲ್ಲ. ನಾವು ನೋಡಬಾರದು ಅಂತಲೇ ಹೇಳಿಕೊಟ್ಟಿದ್ದರು.' ಅವರ ದನಿಯಲ್ಲಿ ಸಮರ್ಥನೆ ಇರಲಿಲ್ಲ.

1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದವರ ಸಾವು ಇಂದಿಗೂ ಸುದ್ದಿಯಾಗುತ್ತಲೇ ಇದೆ. ಓಣಿಗಳು ಮಾತ್ರ ಬೇರೆ ಕೆಲಸಕ್ಕೆ ಒದಗಿದವು. ಕೆಲವನ್ನು ಅಕ್ಕಪಕ್ಕದವರು ಒತ್ತಿಕೊಂಡರು, ಕೆಲವು ಕಸದ ಗುಡ್ಡೆಗಳಾದವು, ಕೆಲವು ಪಾರ್ಕಿಂಗ್ ಜಾಗಗಳಾದವು. ಚದರಡಿಯ ಮೇಲೆ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಮನೆಗೆ ಹೆಚ್ಚಿನ ಲೆಕ್ಕವಿಲ್ಲ, ಅದು ಕೆಡವಲು ಇರುವ ಕಟ್ಟಡ. ಓಣಿಗೆ ಲೆಕ್ಕವಿದೆ. ಯಾರ ಹೆಜ್ಜೆಯಿಂದ ಅದು ಓಣಿಯಾಗಿ ಉಳಿಯಿತೋ ಅವರಿಗೆ ಈ ಬಡಾವಣೆಯಲ್ಲಿ ನಿವೇಶನ ದೊರೆತ ಗುರುತು ನನಗೆ ಆ ಓಡಾಟದಲ್ಲಿ ಎಲ್ಲೂ ಸಿಗಲಿಲ್ಲ. ಓಣಿಯಿಂದ ಏರಿದ ಬೆಲೆಯಲ್ಲಿ ಅವರ ಮೊಮ್ಮಕ್ಕಳಿಗೆ ಪಾಲೂ ಇಲ್ಲ.

ಹೊರಡುವ ಮುಂಚೆ ಚಿಕ್ಕಪ್ಪ ಹಳೆಯ ಕ್ರಯಪತ್ರ ನೋಡಬೇಕೆಂದರು. ಅಂಚು ಹರಿದ, ಮಡಿಕೆಯಲ್ಲಿ ಸವೆದ ಕಾಗದ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಉತ್ತರಕ್ಕೂ ದಕ್ಷಿಣಕ್ಕೂ ನೆರೆಯವರ ಮನೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಲೇನ್ ಎಂದು ಗುಮಾಸ್ತನೊಬ್ಬನ ದುಂಡು ಕನ್ನಡ ಅಕ್ಷರದಲ್ಲಿತ್ತು. ಬ್ರೋಕರ್ ಕೊಟ್ಟ ಹೊಸ ಹಾಳೆಯಲ್ಲಿ ಅದೇ ಜಾಗಕ್ಕೆ 'ಹಿಂಬದಿ ರಸ್ತೆ' ಎಂದಿತ್ತು.

ಬೆಲೆ ನಮ್ಮ ಕೈಗೆ ಎಟುಕಲಿಲ್ಲ, ಮನೆ ಬೇರೆಯವರ ಪಾಲಾಯಿತು. ಹೊಸ ಕ್ರಯಪತ್ರದಲ್ಲಿ ಪಶ್ಚಿಮಕ್ಕೆ ಏನೆಂದು ಬರೆದರೋ ನಾನು ನೋಡಿಲ್ಲ. ಹಳೆಯ ಬಡಾವಣೆಯಲ್ಲಿ ಮನೆ ಕೊಳ್ಳುವವರು, ಮಾರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮ್ಮ ಪತ್ರದ ಆ ಸಾಲನ್ನೊಮ್ಮೆ ಓದಿ. ಅಲ್ಲಿ ಲೇನ್ ಎಂದಿದ್ದರೆ ಹಾಗೇ ಉಳಿಸಿ. ಅಲ್ಲಿ ನಡೆದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರು ನಡೆದ ದಾರಿಯ ಹೆಸರಾದರೂ ಕಾಗದದಲ್ಲಿರಲಿ.