ಹೋಳಿಗೆ, ತುಪ್ಪ ಮತ್ತು ತಡವಾಗಿ ಏರುವ ಸಕ್ಕರೆ

ಶಿಗ್ಗಾವಿ ತಾಲ್ಲೂಕಿನ ತಡಸ ಪರಿಸರದಲ್ಲಿ ಹಬ್ಬದೂಟವೆಂದರೆ ಹೋಳಿಗೆ, ಮೇಲೆ ಧಾರಾಳ ತುಪ್ಪ. ಮಧುಮೇಹಿಗಳು ಮೋಸಹೋಗುವುದು ಈ ತುಪ್ಪದಿಂದಲೇ. ಕೊಬ್ಬು ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ. ಹಿಟ್ಟು, ಬೆಲ್ಲಗಳ ಸಕ್ಕರೆ ರಕ್ತಕ್ಕೆ ತಡವಾಗಿ ಸೇರಿ ಹಲವು ಗಂಟೆ ಏರಿಯೇ ಉಳಿಯಬಹುದು. ಊಟವಾದ 2 ಗಂಟೆಗೆ ಪ್ರತಿ ಡೆಸಿಲೀಟರಿಗೆ 180 ಮಿ.ಗ್ರಾಂ.ಗಿಂತ ಕಡಿಮೆ ಕಂಡಿತೆಂದು ಇನ್ನೊಂದು ಹೋಳಿಗೆಗೆ ಕೈಚಾಚುವುದು ಸಲ್ಲದು. 4-5 ಗಂಟೆಗಳ ನಂತರ ಮತ್ತೊಮ್ಮೆ ಪರೀಕ್ಷಿಸುವುದು ಲೇಸು. ಊಟಕ್ಕೆ ಮುನ್ನ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಮೊದಲು ಕುಸಿದು ಆಮೇಲೆ ಏರುವುದೂ ಉಂಟು. ಆದ್ದರಿಂದ ಹಬ್ಬದ ದಿನದ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಕಂಡಾಗ ಧಾರವಾಡ ಪೇಡೆ ತಕ್ಕ ಮದ್ದಲ್ಲ, ಅದರಲ್ಲಿಯೂ ಕೊಬ್ಬಿದೆ. ಎಚ್ಚರವಿರುವ ರೋಗಿಗೆ 3 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಬಳಿಕ ಪುನಃ ಪರೀಕ್ಷಿಸಬೇಕು.